ಅಡುಗೆಮನೆಯಿಂದ ಎಳೆದ ವೈರ್

ಕಳೆದ ಜನವರಿಯ ಎರಡನೇ ಶನಿವಾರ, ಹಾಸನದ ಕೆ.ಆರ್. ಪುರಂನಲ್ಲಿರುವ ನಮ್ಮ ಮನೆಯ ಹಾಲ್‌ನಲ್ಲಿ 42 ಜನ ಜಮಖಾನದ ಮೇಲೆ ಕೂತು ಒಂದೂವರೆ ಗಂಟೆ ಹಾಡು ಕೇಳಿದರು. ಹಾಡಿದ್ದು ಬೆಂಗಳೂರಿನಿಂದ ಬಂದಿದ್ದ ಮೂರು ಜನರ ಪುಟ್ಟ ತಂಡ. ಸಿನಿಮಾ ಹಾಡುಗಳಲ್ಲ. ಅವರೇ ಬರೆದು, ಅವರೇ ರಾಗ ಹಾಕಿ, ಅವರದೇ ದುಡ್ಡಿನಲ್ಲಿ ರೆಕಾರ್ಡ್ ಮಾಡಿಕೊಂಡ ಹಾಡುಗಳು. ಇಂಡೀ ಸಂಗೀತ ಅಂತ ಕರೀತಾರಲ್ಲ, ಅದು. ಇದನ್ನು ಹೇಗೆ ಮಾಡಿದಿರಿ, ಏನೇನು ಬೇಕಾಯಿತು ಅಂತ ಆಮೇಲೆ ಸುಮಾರು ಜನ ಕೇಳಿದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಈ ಹುಚ್ಚು ನನಗೆ ಹತ್ತಿದ್ದು ಬೆಂಗಳೂರಿನಲ್ಲಿ. 2014ರಲ್ಲಿ ಕೆಲಸಕ್ಕೆ ಅಂತ ಹೋದಾಗ, ಪಿಜಿಯಲ್ಲಿ ಜೊತೆಗಿದ್ದ ಗೆಳತಿ ಒಂದು ಸಂಜೆ ಇಂದಿರಾನಗರದಲ್ಲಿ ಬ್ಯಾಂಡ್‌ಗಳು ಬಂದು ಹಾಡುತ್ತಿದ್ದ ಹಮ್ಮಿಂಗ್ ಟ್ರೀ ಅನ್ನುವ ಪಬ್‌ಗೆ ಕರೆದುಕೊಂಡು ಹೋದಳು. ಆ ಜಾಗ 2019ರಲ್ಲಿ ಬಾಗಿಲು ಹಾಕಿತು. ಆವತ್ತು ಯಾರು ಹಾಡಿದರು ಅನ್ನುವುದು ಈಗ ನೆನಪಿಲ್ಲ. ಡ್ರಮ್ಸ್‌ನ ಪೆಟ್ಟು ಎದೆಗೂಡಿಗೇ ಬಂದು ತಾಗಿದ್ದು ಮಾತ್ರ ನೆನಪಿದೆ. ಆಮೇಲೆ ಸ್ವರಾತ್ಮ ಅನ್ನುವ ಬ್ಯಾಂಡ್ ಕೇಳಿದೆ, ರಘು ದೀಕ್ಷಿತ್ ಅವರನ್ನು ಕೇಳಿದೆ. ಶಿಶುನಾಳ ಶರೀಫರ ಪದಗಳನ್ನು ನಾನು ಚಿಕ್ಕವಳಿದ್ದಾಗ ಸಿ. ಅಶ್ವತ್ಥ್ ದನಿಯಲ್ಲಿ, ಕ್ಯಾಸೆಟ್ಟಿನಲ್ಲಿ ಕೇಳಿದ್ದೆ. ಅಪ್ಪ ಸ್ಕೂಟರ್ ಒರೆಸುವಾಗ ಹಾಕುತ್ತಿದ್ದ ಕ್ಯಾಸೆಟ್ಟು ಅದು. ಅದೇ ಶರೀಫರನ್ನು ಗಿಟಾರ್, ಡ್ರಮ್ಸ್ ಜೊತೆ ನಿಂತುಕೊಂಡು ಕೇಳಿದಾಗ ಮೈ ಜುಂ ಎಂದಿತು. 1889ರಲ್ಲಿ ತೀರಿಕೊಂಡವರ ಮಾತನ್ನು ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ. ಮೊಬೈಲಿನಲ್ಲಿ ಕೇಳುವುದು ಬೇರೆ, ಎದುರಿಗೆ ನಿಂತು ಕೇಳುವುದು ಬೇರೆ ಅಂತ ನನಗೆ ಗೊತ್ತಾಗಿದ್ದು ಆವತ್ತು.

ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ಹಾಸನಕ್ಕೆ ಬಂದೆವು. ಇಲ್ಲಿ ಸಂಗೀತ ಇಲ್ಲ ಅಂತಲ್ಲ. ಗಣಪತಿ ಇಟ್ಟಾಗ ಬೀದಿ ಬೀದಿಯಲ್ಲೂ ಆರ್ಕೆಸ್ಟ್ರಾ. ಹಾಸನಾಂಬ ಕಲಾಕ್ಷೇತ್ರದಲ್ಲಿ ಆಗಾಗ ಕಾರ್ಯಕ್ರಮ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವಂತೂ ಸಂಗೀತದ ಊರೇ. ಕರ್ನಾಟಕ ಸಂಗೀತದ ದೊಡ್ಡ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು ಅದು. ಕಾವೇರಿ ದಂಡೆಯ ಆ ಹಳ್ಳಿಯಲ್ಲಿ ತಂಬೂರಿ ಆಕಾರದ ಒಂದು ಮಂದಿರವೇ ಇದೆ. ಆದರೆ ಇಪ್ಪತ್ತೈದು ವರ್ಷದ ಹುಡುಗ ಹುಡುಗಿಯರು ಈಗಿನ ತಮ್ಮ ಬದುಕಿನ ಬಗ್ಗೆ ಕನ್ನಡದಲ್ಲಿ ಹೊಸದಾಗಿ ಕಟ್ಟಿದ ಹಾಡುಗಳನ್ನು ಕೇಳಬೇಕು ಅಂದರೆ ನಾನು ಬೆಂಗಳೂರಿಗೇ ಹೋಗಬೇಕಿತ್ತು.

ಹೋಗುತ್ತಿದ್ದೆ ಕೂಡ. ಎರಡು ಮೂರು ತಿಂಗಳಿಗೊಮ್ಮೆ. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಹೋಗುವ ರೈಲು ಮಾರ್ಗ ಶುರುವಾದ ಮೇಲೆ ದಾರಿ ಹತ್ತಿರವಾಯಿತು. ಅದಕ್ಕೆ ಮುಂಚೆ ರೈಲಿನಲ್ಲಿ ಹೋಗುವುದಾದರೆ ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿ ಹೋಗಬೇಕಿತ್ತು. ಹೋಗುವುದೇನೋ ಸರಿ, ಬರುವುದೇ ಕಷ್ಟ. ಒಂಬತ್ತು ಗಂಟೆಗೆ ಅಂದ ಕಾರ್ಯಕ್ರಮ ಹತ್ತಕ್ಕೆ ಶುರುವಾಗುತ್ತದೆ. ಮುಗಿಸಿಕೊಂಡು ಬಸ್ಸು ಹಿಡಿದು ಮನೆ ಸೇರುವ ಹೊತ್ತಿಗೆ ಬೆಳಗಿನ ಜಾವ ನಾಲ್ಕು. ಬಾಗಿಲು ತೆಗೆಯಲು ಅತ್ತೆ ಎದ್ದು ಬರುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ, ಹಾಲು ಬಿಸಿ ಮಾಡಿ ಕೊಟ್ಟು ಮಲಗುತ್ತಿದ್ದರು. ಆ ಹಾಲು ಕುಡಿಯುವಾಗ ನನಗೆ ಪ್ರತಿ ಸಲವೂ ಮನಸ್ಸು ಭಾರವಾಗುತ್ತಿತ್ತು. ನಾನು ಅಷ್ಟು ಖುಷಿಯಾಗಿ ಕೇಳಿ ಬಂದ ಯಾವ ಹಾಡನ್ನೂ ಈ ಮನೆಯಲ್ಲಿ ಬೇರೆ ಯಾರೂ ಕೇಳಿಲ್ಲ ಅಲ್ವಾ ಅನಿಸುತ್ತಿತ್ತು.

ಒಮ್ಮೆ ಮಗಳನ್ನು ಕರೆದುಕೊಂಡು ಹೋದೆ. ಆಗ ಅವಳಿಗೆ ಏಳು ವರ್ಷ. ಬಾಗಿಲಲ್ಲೇ ನಿಲ್ಲಿಸಿದರು. ಅಲ್ಲಿ ಕುಡಿಯಲು ಕೊಡುತ್ತಾರೆ, ಮಕ್ಕಳಿಗೆ ಪ್ರವೇಶ ಇಲ್ಲ. ಟಿಕೆಟ್ ತೆಗೆದುಕೊಳ್ಳುವಾಗ ಈ ಮಾತನ್ನು ಎಲ್ಲೂ ಬರೆದಿರಲಿಲ್ಲ. ಹೊರಗೆ ಫುಟ್‌ಪಾತ್ ಮೇಲೆ ನಿಂತು, ಗೋಡೆಯಾಚೆಯಿಂದ ಬರುತ್ತಿದ್ದ ಸದ್ದನ್ನು ಇಬ್ಬರೂ ಸ್ವಲ್ಪ ಹೊತ್ತು ಕೇಳಿ ವಾಪಸ್ ಬಂದೆವು. ಇನ್ನೊಂದು ಸಲ ನಾನೊಬ್ಬಳೇ ಹೋಗಿದ್ದೆ. ಒಬ್ಬ ಹುಡುಗಿ ಗಿಟಾರ್ ಹಿಡಿದು ತೀರಾ ಮೆಲುದನಿಯಲ್ಲಿ ಹಾಡುತ್ತಿದ್ದಳು. ಹಿಂದಿನ ಟೇಬಲ್‌ಗಳಲ್ಲಿ ಜನ ಜೋರಾಗಿ ಮಾತಾಡುತ್ತಲೇ ಇದ್ದರು. ಅವಳು ಅರ್ಧಕ್ಕೇ ಆ ಹಾಡು ಬಿಟ್ಟು, ಜೋರು ತಾಳದ ಇನ್ನೊಂದನ್ನು ಎತ್ತಿಕೊಂಡಳು. ಬಿಟ್ಟ ಹಾಡನ್ನು ಪೂರ್ತಿ ಕೇಳಬೇಕು ಅಂತ ನನಗೆ ಎಷ್ಟು ಆಸೆಯಾಯಿತು ಅಂದರೆ, ಮುಗಿದ ಮೇಲೆ ಹೋಗಿ ಅವಳಿಗೆ ಅದನ್ನೇ ಹೇಳಿದೆ. ನಂಬರ್ ಕೊಟ್ಟಳು. ಆ ಹುಡುಗಿಯೇ ಆಮೇಲೆ ನಮ್ಮ ಮನೆಗೆ ಬಂದಿದ್ದು.

ಮನೆಯಲ್ಲೇ ಹಾಡಿಸಬಹುದು ಅನ್ನುವುದು ನನ್ನ ಹೊಸ ಯೋಚನೆಯಲ್ಲ. 2009ರಲ್ಲಿ ಲಂಡನ್ನಿನಲ್ಲಿ ಕೆಲವರು, ಜನ ಮಾತಾಡದೆ ಕೂತು ಹಾಡು ಕೇಳಲಿ ಅಂತಲೇ ಒಂದು ಮನೆಯಲ್ಲಿ ಕಾರ್ಯಕ್ರಮ ಇಟ್ಟುಕೊಂಡರು. ಸೋಫಾರ್ ಅಂತ ಅದಕ್ಕೆ ಹೆಸರು. ಅದು ಬೆಂಗಳೂರಿಗೂ ಬಂದಿದೆ. ನಾನು ಅತ್ತೆಗೆ ಮೊದಲು ಹೇಳಿದ್ದು ಈ ಕಥೆಯನ್ನೇ. ಅವರು ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡು, "ಇದಕ್ಕೆ ಲಂಡನ್ ಯಾಕಮ್ಮಾ? ನಿಮ್ಮ ಮಾವ ಇದ್ದಾಗ ಇದೇ ಹಾಲ್‌ನಲ್ಲಿ ಗಮಕ ಇಡಿಸ್ತಿರ್ಲಿಲ್ವಾ?" ಅಂದರು.

ಇಡಿಸುತ್ತಿದ್ದರಂತೆ. ಕುಮಾರವ್ಯಾಸ ಭಾರತ. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಬೀದಿಯವರೆಲ್ಲ ಊಟ ಮುಗಿಸಿ ಬಂದು ಕೂರುತ್ತಿದ್ದರು. ಕರ್ಣನ ಕಥೆ ಬಂದ ರಾತ್ರಿ ಕೆಲವರು ಅತ್ತೂ ಇದ್ದಾರೆ. "ಮೈಕ್ ಇರ್ಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಮುದುಕರಿಗೂ ಕೇಳಿಸ್ತಿತ್ತು" ಅಂದರು ಅತ್ತೆ. ಹತ್ತು ವರ್ಷ ಈ ಮನೆಯ ಸೊಸೆಯಾಗಿದ್ದೂ ನನಗೆ ಈ ವಿಷಯ ಗೊತ್ತಿರಲಿಲ್ಲ. ಆಕಾಶವಾಣಿ ಹಾಸನ, 102.2, ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಹಾಡುತ್ತಿರುತ್ತದೆ. ಅತ್ತೆಗೆ ಸಂಗೀತ ಅಂದರೆ ಅಷ್ಟೇ ಅಂದುಕೊಂಡಿದ್ದೆ.

ಆವತ್ತು ರಾತ್ರಿಯೇ ಆ ಹುಡುಗಿಗೆ ಫೋನ್ ಮಾಡಿದೆ.

ಮೊದಲು ದುಡ್ಡಿನ ಮಾತು. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲರೂ ತೊದಲುವುದು ಇಲ್ಲೇ. "ಮನೆ ಕಾರ್ಯಕ್ರಮ, ಸುಮ್ನೆ ಬಂದು ಎರಡು ಹಾಡು ಹಾಡಿ ಹೋಗಿ" ಅಂತ ಕಲಾವಿದರನ್ನು ಕರೆಯುವುದು ತಪ್ಪು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಮೂರು ಜನ ಒಂದು ಪೂರ್ತಿ ದಿನ ಕೊಡುತ್ತಾರೆ. ಅದರ ಹಿಂದೆ ವಾರಗಟ್ಟಲೆ ಅಭ್ಯಾಸ ಇರುತ್ತದೆ. ಸ್ಟುಡಿಯೋ ಬಾಡಿಗೆ ಅವರ ಸಂಬಳದಿಂದ ಹೋಗುತ್ತದೆ. ಆ ಹುಡುಗಿ ವಾರವೆಲ್ಲ ಆಫೀಸಿನಲ್ಲಿ ದುಡಿದು ಶನಿವಾರ ಭಾನುವಾರ ಹಾಡುವವಳು. ನಾವು ಮೂವರಿಗೂ ಸೇರಿ 12,000 ರೂಪಾಯಿ ಕೊಡುತ್ತೇವೆ, ಓಡಾಟದ ಖರ್ಚು ಊಟ ನಮ್ಮದು, ಬಂದವರು ಡಬ್ಬಿಗೆ ಹಾಕಿದ್ದೆಲ್ಲ ನಿಮ್ಮದು ಅಂತ ಹೇಳಿದೆವು. ಅವಳು ಒಂದು ಕ್ಷಣ ಸುಮ್ಮನಿದ್ದು, "ಅಕ್ಕಾ, ಯಾರೂ ಮಾತಾಡದೆ ಕೇಳ್ತಾರಾ?" ಅಂತ ಕೇಳಿದಳು. ಅವಳು ಹಾಕಿದ ಷರತ್ತು ಅದೊಂದೇ.

ಆಮೇಲೆ ಒಂದು ಪಟ್ಟಿ ಕಳಿಸಿದಳು. ಟೆಕ್ ರೈಡರ್ ಅಂತಾರೆ. ಹಾಡುವವಳಿಗೆ ಒಂದು ಮೈಕ್, ದನಿಗೂಡಿಸುವ ಪಿಟೀಲಿನ ಹುಡುಗನಿಗೆ ಒಂದು, ಪಿಟೀಲಿಗೆ ಒಂದು, ತಾಳವಾದ್ಯಕ್ಕೆ ಒಂದು. ಗಿಟಾರಿಗೆ ಡಿಐ ಬಾಕ್ಸ್. ಎಲ್ಲ ಮೈಕುಗಳ ಸದ್ದನ್ನು ಸೇರಿಸಿ ಹದ ಮಾಡುವ, ಆರು ಚಾನೆಲ್ ಇರುವ ಮಿಕ್ಸರ್. ಎರಡು ಸಣ್ಣ ಸ್ಪೀಕರ್. ಡಿಐ ಬಾಕ್ಸ್ ಅಂದರೆ ಅಂಗೈ ಅಗಲದ ಒಂದು ಪೆಟ್ಟಿಗೆ. ಗಿಟಾರಿನಿಂದ ಬರುವ ಸಿಗ್ನಲ್ ತುಂಬಾ ಸೂಕ್ಷ್ಮ, ಉದ್ದ ವೈರಿನಲ್ಲಿ ಹಾಗೇ ಕಳಿಸಿದರೆ ದಾರಿಯಲ್ಲಿ ಬೇರೆ ಸದ್ದೆಲ್ಲ ಸೇರಿಕೊಳ್ಳುತ್ತದೆ. ಈ ಪೆಟ್ಟಿಗೆ ಅದನ್ನು ತಡೆಯುತ್ತದೆ. ನಾನು ಈ ಪಟ್ಟಿಯನ್ನು ಪ್ರಿಂಟ್ ತೆಗೆಸಿ, ಫ್ರಿಜ್ಜಿನ ಮೇಲೆ ಹಾಲಿನ ಲೆಕ್ಕದ ಪಕ್ಕ ಅಂಟಿಸಿದ್ದೆ.

ಅಕ್ಕಪಕ್ಕದವರ ಹತ್ತಿರ ಮಾತಾಡಲು ಎರಡು ಸಂಜೆ ಬೇಕಾಯಿತು. ಎಡಗಡೆ ಮನೆಯ ಅಕ್ಕನ ಮಗಳು ದ್ವಿತೀಯ ಪಿಯುಸಿ. ಪರೀಕ್ಷೆ ಹತ್ತಿರ. ಅಕ್ಕ ಬಾಗಿಲಲ್ಲೇ ನಿಂತು, "ಮೈಕ್ ಹಾಕ್ತೀರಾ?" ಅಂತ ಆತಂಕದಿಂದ ಕೇಳಿದರು. ಆರೂಮುಕ್ಕಾಲಿಗೆ ಶುರು, ಎಂಟೂಕಾಲಿಗೆ ಮುಗಿಸುತ್ತೇವೆ, ಜೋರಾಗಿ ಕೇಳಿಸಿದರೆ ಒಂದು ಫೋನ್ ಮಾಡಿ ಸಾಕು ಅಂದೆ. ಧ್ವನಿವರ್ಧಕ ಬಳಸಲು ಮೊದಲೇ ಲಿಖಿತ ಅನುಮತಿ ತೆಗೆದುಕೊಳ್ಳಬೇಕು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ನಮ್ಮ ಮನೆಯವರು ಪೊಲೀಸ್ ಠಾಣೆಗೆ ಹೋಗಿ ಅರ್ಜಿ ಕೊಟ್ಟು ಬಂದರು. ಮನೆಗಳಿರುವ ಕಡೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಅವರು ಮೊಬೈಲಿಗೆ ಸದ್ದು ಅಳೆಯುವ ಆಪ್ ಹಾಕಿಕೊಂಡು, ಕಾರ್ಯಕ್ರಮದ ದಿನ ಅಕ್ಕನ ಕಾಂಪೌಂಡಿನ ಹತ್ತಿರ ಹೋಗಿ ನಿಂತು ನೋಡಿದರು. ಮೊಬೈಲಿನ ಲೆಕ್ಕ ಎಷ್ಟು ಸರಿಯೋ, 55 ಅಂತೂ ದಾಟಲಿಲ್ಲ. ಅನುಮತಿ ಪತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಮನೆ ಮನೆಗೆ ಹೋಗಿ ಮಾತಾಡಿದ್ದು ಅಂತ ನನಗೆ ಈಗಲೂ ಅನಿಸುತ್ತದೆ. ಕರೆಯದೆ ಸದ್ದು ಮಾಡಿದರೆ ಅದು ಗಲಾಟೆ. ಕರೆದರೆ ಅವರೂ ಮನೆಯವರಾಗುತ್ತಾರೆ.

ಸೌಂಡ್‌ಗೆ ಊರಿನ ಹುಡುಗನೇ ಸಿಕ್ಕ. ಗಣಪತಿ ಆರ್ಕೆಸ್ಟ್ರಾ, ಮದುವೆ, ಆರತಕ್ಷತೆ ಅಂತ ಸದಾ ಓಡಾಡುವವನು. ಪಟ್ಟಿ ನೋಡಿ, "ಇಷ್ಟೇನಾ ಅಕ್ಕಾ? ಬಾಕ್ಸ್ ಇನ್ನೂ ನಾಲ್ಕು ತರ್ಲಾ?" ಅಂದ. ಬೇಡಪ್ಪಾ, ಇದು ಮೆತ್ತಗಿನ ಹಾಡು ಅಂದೆ. ಹಿಂದಿನ ದಿನವೇ ಬಂದು ಹಾಲ್ ನೋಡಿದ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದ. ಸದ್ದು ಗೋಡೆಯಿಂದ ಗೋಡೆಗೆ ಬಡಿದುಕೊಂಡು ಉಳಿಯಿತು. ನಮ್ಮದು ಕೆಂಪು ಗಾರೆ ನೆಲ, ಬೋಳು ಗೋಡೆ. ಇಂಥ ಕಡೆ ಮಾತುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವಂತೆ. ಅತ್ತೆ ಬೀರು ತೆಗೆದು ಇದ್ದಬದ್ದ ಕಂಬಳಿ, ರಜಾಯಿ, ಹಳೇ ಪರದೆ ಎಲ್ಲ ಕೊಟ್ಟರು. ಹಿಂದಿನ ಗೋಡೆಗೆ ಹಗ್ಗ ಕಟ್ಟಿ ನೇತುಹಾಕಿದೆವು. ನೆಲಕ್ಕೆ ಜಮಖಾನ. ಮತ್ತೆ ಚಪ್ಪಾಳೆ ತಟ್ಟಿದ. ಈ ಸಲ ಸದ್ದು ಅಲ್ಲೇ ನಿಂತಿತು. "ನಾಳೆ ಜನ ಕೂತ ಮೇಲೆ ಇನ್ನೂ ಚೆನ್ನಾಗಾಗುತ್ತೆ. ಮನುಷ್ಯರೇ ಸದ್ದು ಹೀರ್ಕೋತಾರೆ" ಅಂದ.

ಶನಿವಾರ ಬೆಳಗಿನ ರೈಲಿಗೆ ಮೂವರೂ ಬಂದರು. ಗಿಟಾರ್, ಪಿಟೀಲು, ಮತ್ತೆ ಒಂದು ಮರದ ಪೆಟ್ಟಿಗೆ. ಅದರ ಹೆಸರು ಕಹೋನ್. ಪೆರು ದೇಶದ ವಾದ್ಯ. ಅದರ ಮೇಲೆಯೇ ಕೂತುಕೊಂಡು ಮುಂದಿನ ಹಲಗೆಯನ್ನು ಕೈಯಲ್ಲಿ ಬಾರಿಸುತ್ತಾರೆ. ಮಗಳು ಅದನ್ನು ನೋಡಿ, "ಅಜ್ಜಿಯ ಅಕ್ಕಿ ಪೆಟ್ಟಿಗೆ ಥರ ಇದೆ" ಅಂದಳು. ಬಾರಿಸುವ ಹುಡುಗ ಅವಳನ್ನು ಅದರ ಮೇಲೆ ಕೂರಿಸಿ ನಡುವೆ ತಟ್ಟಿದರೆ ಗುಂ ಅನ್ನುವುದನ್ನೂ, ಮೇಲಂಚಿನಲ್ಲಿ ತಟ್ಟಿದರೆ ಚಟ್ ಅನ್ನುವುದನ್ನೂ ತೋರಿಸಿಕೊಟ್ಟ. ಆ ಅರ್ಧ ಗಂಟೆ ಮನೆಯಲ್ಲಿ ಗುಂ ಚಟ್ ಬಿಟ್ಟರೆ ಬೇರೆ ಸದ್ದಿಲ್ಲ.

ಅವರೆಕಾಳಿನ ಕಾಲ ಅದು. ಹಿಂದಿನ ರಾತ್ರಿ ನೆನೆಹಾಕಿದ ಎರಡು ಸೇರು ಕಾಳು ಬುಟ್ಟಿಯಲ್ಲಿತ್ತು. ಮಧ್ಯಾಹ್ನ ಹಿತುಕಲು ಕೂತೆವು. ಅತ್ತೆ, ನಾನು, ಎಡಮನೆ ಅಕ್ಕ, ಸ್ವಲ್ಪ ಹೊತ್ತಿಗೆ ಹಾಡುವ ಹುಡುಗಿಯೂ ಬಂದು ಕೂತಳು. ಅವಳಿಗೆ ಬರುತ್ತಿರಲಿಲ್ಲ. ಹೆಬ್ಬೆರಳು ಎಲ್ಲಿಡಬೇಕು ಅಂತ ಅತ್ತೆ ಕೈ ಹಿಡಿದು ತೋರಿಸಿದರು. ಗಿಟಾರ್ ತಂತಿ ಒತ್ತಿ ಒತ್ತಿ ಅವಳ ಎಡಗೈ ಬೆರಳ ತುದಿ ಗಟ್ಟಿಯಾಗಿತ್ತು. ಅತ್ತೆ ಅದನ್ನು ಮುಟ್ಟಿ ನೋಡಿ, "ಪಾಪ, ಎಷ್ಟು ವರ್ಷದಿಂದ ನುಡಿಸ್ತಿದೀಯಮ್ಮಾ?" ಅಂತ ಕೇಳಿದರು. ಹನ್ನೊಂದು ವರ್ಷ ಅಂದಳು. ಆಮೇಲೆ ಅವಳ ಊರು, ಅಪ್ಪ ಅಮ್ಮ, ಮದುವೆ ಯಾವಾಗ, ಆಫೀಸಿನಲ್ಲಿ ಊಟ ಹೇಗೆ, ಎಲ್ಲ ಮಾತೂ ಬಂತು. ಕಾಳು ಮುಗಿಯುವಷ್ಟರಲ್ಲಿ ಅವಳು ನಮ್ಮ ಮನೆಯ ಹುಡುಗಿಯ ಹಾಗಾಗಿದ್ದಳು. ವೇದಿಕೆಯ ಮೇಲೆ ನೋಡಿದ್ದರೆ ಈ ಹುಡುಗಿಗೆ ಹುರಿಗಡಲೆ ಚಟ್ನಿ ಇಷ್ಟ, ಕತ್ತಲೆಗೆ ಭಯ ಅನ್ನುವುದು ನಮಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೂರೂವರೆಗೆ ಸೌಂಡ್ ಚೆಕ್. ಸ್ವಿಚ್ ಹಾಕಿದ ತಕ್ಷಣ ಸ್ಪೀಕರಿನಿಂದ ಜುಂಯ್ ಅಂತ ಒಂದೇ ಸಮನೆ ಸದ್ದು. ಗಿಟಾರ್ ತಂತಿ ಮುಟ್ಟಿದರೆ ಕಡಿಮೆ, ಬಿಟ್ಟರೆ ಜಾಸ್ತಿ. ವೈರ್ ಬದಲಾಯಿಸಿದರು. ಡಿಐ ಬಾಕ್ಸ್ ಬದಲಾಯಿಸಿದರು. ಹೋಗಲಿಲ್ಲ. ಹುಡುಗಿ ಮೈಕಿಗೆ ತುಟಿ ತಾಗಿಸಿದಾಗ ಸಣ್ಣಗೆ ಜುಮ್ ಅಂದಿತು, ಹಿಂದಕ್ಕೆ ಸರಿದಳು. ನನಗೆ ಕೈಕಾಲು ಆಡಲಿಲ್ಲ. ಸೌಂಡ್ ಹುಡುಗ ಮಾತ್ರ ಗಾಬರಿಯಾಗಲಿಲ್ಲ. ಎಲ್ಲ ಆಫ್ ಮಾಡಿಸಿ, ಚೀಲದಿಂದ ಎರಡು ವೈರ್ ಜೋಡಿಸಿದ ಟೆಸ್ಟ್ ಬಲ್ಬ್ ತೆಗೆದ. ಹಾಲ್‌ನ ಪ್ಲಗ್ಗಿನಲ್ಲಿ ಫೇಸ್‌ಗೂ ಅರ್ತ್‌ಗೂ ನಡುವೆ ಹಿಡಿದ. ಬಲ್ಬ್ ಹತ್ತಲಿಲ್ಲ. "ಅಕ್ಕಾ, ನಿಮ್ಮ ಹಾಲ್‌ಗೆ ಅರ್ತೇ ಇಲ್ಲ. ಮೂರು ತೂತು ಇದೆ, ಮೇಲಿನ ತೂತಿಗೆ ವೈರೇ ಬಂದಿಲ್ಲ."

ಹಳೇ ವೈರಿಂಗ್. ಇಷ್ಟು ವರ್ಷ ಟಿವಿ, ಫ್ಯಾನ್ ಅದರಲ್ಲೇ ನಡೆದಿವೆ, ಯಾರಿಗೂ ಗೊತ್ತಾಗಿಲ್ಲ. ಅರ್ತ್ ಇಲ್ಲದಿದ್ದರೆ ಉಪಕರಣದ ಲೋಹದ ಮೈಯಲ್ಲಿ ಸೋರಿದ ಕರೆಂಟಿಗೆ ಹೋಗಲು ದಾರಿ ಇರುವುದಿಲ್ಲ. ಅದೇ ಸ್ಪೀಕರಿನಲ್ಲಿ ಜುಂಯ್ ಅನ್ನುತ್ತದೆ, ತುಟಿಗೂ ತಾಗುತ್ತದೆ. ಅವನು ಒಂದೊಂದೇ ಕೋಣೆಯ ಪ್ಲಗ್ ನೋಡುತ್ತಾ ಹೋದ. ಅಡುಗೆಮನೆಯಲ್ಲಿ ಬಲ್ಬ್ ಪೂರ್ತಿ ಬೆಳಕಾಗಿ ಹತ್ತಿತು. ಮಿಕ್ಸಿಗೆ ಅಂತ ಐದಾರು ವರ್ಷದ ಹಿಂದೆ ಹೊಸ ಲೈನ್ ಎಳೆಸಿದ್ದು ಆಗ ನೆನಪಾಯಿತು. ಅಲ್ಲಿಂದ ಎಕ್ಸ್‌ಟೆನ್ಷನ್ ವೈರ್ ಎಳೆದು, ಊಟದ ಕೋಣೆ ದಾಟಿಸಿ ಹಾಲ್‌ಗೆ ತಂದ. ಸ್ವಿಚ್ ಹಾಕಿದ. ಏನೂ ಸದ್ದಿಲ್ಲ. ಆ ಮೌನ ಎಷ್ಟು ಚೆನ್ನಾಗಿತ್ತು ಅಂದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು.

ಅಷ್ಟರಲ್ಲಿ ಒಳಗೆ ಅತ್ತೆ ಹುಚ್ಚೆಳ್ಳು ಚಟ್ನಿಗೆ ಮಿಕ್ಸಿ ಹಾಕಿದರು. ಸ್ಪೀಕರಿನಲ್ಲಿ ಕರಕರ ಕರಕರ ಅಂತ ಶುರುವಾಯಿತು. ಮಿಕ್ಸಿಯ ಮೋಟಾರಿನೊಳಗೆ ಕಿಡಿ ಹಾರುತ್ತಿರುತ್ತದೆ, ಅದರ ಸದ್ದು ಅದೇ ಲೈನಿನಲ್ಲಿ ಹರಿದು ಬರುತ್ತದಂತೆ. ಫ್ರಿಜ್ಜೂ ಅಷ್ಟೇ, ಆನ್ ಆಗುವಾಗ ಟಪ್ ಅನ್ನುತ್ತದೆ. ಅತ್ತೆ ಒಂದು ಮಾತೂ ಆಡದೆ ಜಾರ್ ತೆಗೆದುಕೊಂಡು ಹಿತ್ತಲಿಗೆ ಹೋದರು. ಒರಳುಕಲ್ಲು ತೊಳೆದು, ಅಲ್ಲೇ ರುಬ್ಬಲು ಕೂತರು. ಫ್ರಿಜ್ಜಿನ ಪ್ಲಗ್ ಕಿತ್ತು ಎರಡು ಗಂಟೆ ಬಿಟ್ಟೆವು, ಹಾಲು ಏನೂ ಆಗಲಿಲ್ಲ. ಮನೆ ಒಂದು ಕಡೆ, ಸಂಗೀತ ಒಂದು ಕಡೆ ಅಂತ ನಾನು ಇಷ್ಟು ವರ್ಷ ಬೇರೆ ಬೇರೆ ಇಟ್ಟುಕೊಂಡಿದ್ದೆ. ಆವತ್ತು ಎರಡೂ ಒಂದೇ ವೈರಿನಲ್ಲಿ ನಿಂತಿದ್ದವು. ನಾನು ಹಿತ್ತಲ ಬಾಗಿಲಲ್ಲಿ ನಿಂತು ಅತ್ತೆಯ ಕೈ ತಿರುಗುವುದನ್ನು ನೋಡುತ್ತಿದ್ದೆ. ಹಾಲ್‌ನಿಂದ ಪಿಟೀಲಿನ ಶ್ರುತಿ ಕೇಳುತ್ತಿತ್ತು. ಕಣ್ಣಲ್ಲಿ ನೀರು ಬಂತು.

ಆರೂವರೆಗೆಲ್ಲ ಹಾಲ್ ತುಂಬಿತು. ಬೀದಿಯವರು, ಮಗಳ ಶಾಲೆಯ ಇಬ್ಬರು ಟೀಚರ್‌ಗಳು, ನಮ್ಮ ಮನೆಯವರ ಆಫೀಸಿನವರು, ಇಂಜಿನಿಯರಿಂಗ್ ಓದುವ ಏಳೆಂಟು ಹುಡುಗರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಒಬ್ಬರು ಮೇಷ್ಟ್ರು. ಎಂಬತ್ತರ ಹತ್ತಿರದವರು, ರುದ್ರಪಟ್ಟಣದ ಕಡೆಯವರು, ಚಿಕ್ಕಂದಿನಿಂದ ಕಛೇರಿ ಕೇಳಿ ಬೆಳೆದವರು. ಅವರು ಬರುತ್ತಾರೆ ಅಂದಾಗ ನನಗೆ ಒಳಗೊಳಗೇ ಹೆದರಿಕೆ ಇತ್ತು. ಚಪ್ಪಲಿ ಹೊರಗೆ, ಮೊಬೈಲ್ ಸೈಲೆಂಟ್, ಹಾಡಿನ ನಡುವೆ ಓಡಾಟ ಬೇಡ ಅಂತ ಮೂರೇ ಮಾತು ಹೇಳಿ ಕೂತೆ.

ಮೊದಲ ಎರಡು ಹಾಡು ಎಲ್ಲರೂ ಸ್ವಲ್ಪ ಬಿಗಿಯಾಗಿ ಕೂತಿದ್ದರು. ಯಾವಾಗ ಚಪ್ಪಾಳೆ ತಟ್ಟಬೇಕು ಅಂತಲೂ ಗೊತ್ತಾಗುತ್ತಿರಲಿಲ್ಲ. ಮೂರನೇ ಹಾಡಿಗೆ ಮುಂಚೆ ಹುಡುಗಿ ಗಿಟಾರ್ ಶ್ರುತಿ ಮಾಡಿಕೊಳ್ಳತೊಡಗಿದಳು. ಸಂಜೆ ಚಳಿಯಲ್ಲಿ ಮಾಡಿಟ್ಟಿದ್ದ ಶ್ರುತಿ, ನಲವತ್ತು ಜನ ಕೂತು ಹಾಲ್ ಬೆಚ್ಚಗಾದ ಮೇಲೆ ಇಳಿದಿತ್ತು. ಉಕ್ಕಿನ ತಂತಿ ಬಿಸಿಯಾದರೆ ಸಡಿಲವಾಗುತ್ತದೆ. "ಕ್ಷಮಿಸಿ, ಒಂದು ನಿಮಿಷ" ಅಂದಳು. ಮೇಷ್ಟ್ರು ಕೈ ಎತ್ತಿ, "ನಿಧಾನಕ್ಕೆ ಮಾಡ್ಕೊಳಮ್ಮಾ. ಶ್ರುತಿಗೆ ಕಾಯೋದು ನಮಗೇನೂ ಹೊಸದಲ್ಲ" ಅಂದರು. ಅಲ್ಲಿಂದ ಹಾಲ್ ಸಡಿಲವಾಯಿತು.

ಅವಳು ಪ್ರತಿ ಹಾಡಿಗೂ ಮುಂಚೆ ಅದು ಹುಟ್ಟಿದ್ದು ಹೇಗೆ ಅಂತ ಎರಡು ಮಾತು ಹೇಳುತ್ತಿದ್ದಳು. ಪಿಜಿ ಕೋಣೆಯ ಕಿಟಕಿಯ ಮೇಲೆ ಒಂದು ಹಾಡಿತ್ತು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಒಂದು ಗೇಣು ಆಕಾಶ. ಆ ಗೇಣು ಆಕಾಶದಲ್ಲಿ ಊರನ್ನು ಹುಡುಕುವ ಹಾಡು. ನಾನು ಅವಳ ಬಾಯಲ್ಲಿ ಅರ್ಧ ಕೇಳಿ ಬಿಟ್ಟುಹೋಗಿದ್ದು ಇದೇ. ಈ ಸಲ ಪೂರ್ತಿ ಹಾಡಿದಳು. ಕೊನೆಯಲ್ಲಿ ಗಿಟಾರಿನ ಒಂದು ತಂತಿ ಮೀಟಿ ಕೈ ಬಿಟ್ಟಳು. ಅದು ಕರಗುವ ತನಕ ಯಾರೂ ಉಸಿರೂ ಬಿಡಲಿಲ್ಲ. ದೂರದಲ್ಲಿ ರೈಲಿನ ಕೂಗು ಕೇಳಿಸಿತು. ಆಮೇಲೆ ಚಪ್ಪಾಳೆ. ನಾನು ತಿರುಗಿ ನೋಡಿದರೆ ಬಾಗಿಲ ಹತ್ತಿರ ಪಿಯುಸಿ ಹುಡುಗಿ ಪುಸ್ತಕ ಎದೆಗೆ ಒತ್ತಿಕೊಂಡು ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ಮುಂದಿನ ವರ್ಷ ಅವಳೂ ಅಂಥದ್ದೇ ಕೋಣೆಗೆ ಹೋಗುವವಳು.

ನಡುವೆ ಹಿಂದಿನಿಂದ ಯಾರೋ ಒಂದು ಸಿನಿಮಾ ಹಾಡು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ, ಅದು ಅಭ್ಯಾಸ. ಹುಡುಗಿ ನಕ್ಕು, "ಅದನ್ನ ನೀವು ದಿನಾ ಕೇಳ್ತೀರಿ. ನಮ್ಮದನ್ನ ಇವತ್ತು ಕೇಳಿ" ಅಂದಳು. ನನಗೆ ಆ ಉತ್ತರ ತುಂಬಾ ಹಿಡಿಸಿತು. ಎಷ್ಟು ಮೃದುವಾಗಿ ಹೇಳಿದಳೋ ಅಷ್ಟೇ ಗಟ್ಟಿಯಾಗಿ ನಿಂತಳು.

ಇನ್ನು ಎರಡೇ ಹಾಡು ಅಂದಾಗ ಮೇಷ್ಟ್ರು ಮತ್ತೆ ಕೈ ಎತ್ತಿದರು. "ಇಷ್ಟು ಚಿಕ್ಕ ಕೋಣೆ. ಒಂದು ಸಲ ಮೈಕ್ ಇಲ್ದೆ ಹಾಡ್ತೀರಾ? ನಿಮ್ಮ ಗಂಟಲು ಹೇಗಿದೆ ಕೇಳ್ಬೇಕು." ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಸೌಂಡ್ ಹುಡುಗ ತಾನೇ ಎದ್ದು ಮೈಕುಗಳನ್ನು ಪಕ್ಕಕ್ಕಿಟ್ಟ. ಮೊದಲ ಸಾಲು ಹಾಡುವಷ್ಟರಲ್ಲೇ ಒಂದು ತೊಂದರೆ ಗೊತ್ತಾಯಿತು. ಕಹೋನ್ ಸದ್ದಿನಲ್ಲಿ ದನಿ ಮುಳುಗುತ್ತಿತ್ತು. ಬಾರಿಸುವವನು ಕೂಡಲೇ ಅಂಗೈ ಬಿಟ್ಟು ಬೆರಳ ತುದಿಯಲ್ಲಿ ನುಡಿಸತೊಡಗಿದ. ಪಿಟೀಲಿನವನು ಬಿಲ್ಲು ಕೆಳಗಿಟ್ಟು ತಂತಿಯನ್ನು ಬೆರಳಲ್ಲೇ ಮೀಟಿದ. ಹುಡುಗಿ ಕುರ್ಚಿ ಬಿಟ್ಟು ಎದ್ದು, ಎರಡು ಹೆಜ್ಜೆ ಮುಂದೆ ಬಂದು, ಮಕ್ಕಳು ಕೂತಿದ್ದ ಕಡೆ ನಿಂತು ಹಾಡಿದಳು. ಮಗಳಿಗೂ ಅವಳಿಗೂ ನಡುವೆ ಒಂದು ಮೊಳ ಜಾಗ. ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತಿತ್ತು, ಗಿಟಾರಿನ ಮೇಲೆ ಬೆರಳು ಜಾರುವ ಸದ್ದೂ ಕೇಳಿಸುತ್ತಿತ್ತು. ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಕೈಯಲ್ಲಿ ರೊಟ್ಟಿ ತಟ್ಟಿದ ಹಿಟ್ಟು ಹಾಗೇ ಇತ್ತು.

ಮುಗಿದ ಮೇಲೆ ಮೇಷ್ಟ್ರು ಹುಡುಗಿಯನ್ನು ಹತ್ತಿರ ಕರೆದು ಹೇಳಿದ್ದು ಹೀಗೆ. "ನಿಮ್ಮ ದಾರಿ ನಂಗೆ ಪೂರ್ತಿ ಗೊತ್ತಿಲ್ಲಮ್ಮಾ. ಶ್ರುತಿ ಶುದ್ಧವಾಗಿದೆ. ಸಾಹಿತ್ಯ ನುಂಗ್ಬೇಡ, ಕೊನೇ ಅಕ್ಷರ ಬಿಟ್ಟುಬಿಡ್ತೀಯ." ಅವಳು ತಲೆಯಾಡಿಸಿದಳು. ಆಮೇಲೆ ನನ್ನ ಹತ್ತಿರ, ಬೆಂಗಳೂರಿನಲ್ಲಿ ಇಷ್ಟು ವರ್ಷ ಹಾಡಿದರೂ ಇದನ್ನು ಯಾರೂ ಹೇಳಿರಲಿಲ್ಲ ಅಕ್ಕಾ ಅಂದಳು.

ಊಟಕ್ಕೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಹಿತಕಬೇಳೆ ಸಾರು, ಅನ್ನ, ಮೊಸರು. ಜನ ಹೋಗಲೇ ಇಲ್ಲ. ಹಾಲ್‌ನಲ್ಲಿ, ಜಗುಲಿಯಲ್ಲಿ, ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಮಾತಾಡುತ್ತಾ ನಿಂತರು. ಇಂಜಿನಿಯರಿಂಗ್ ಹುಡುಗರಲ್ಲಿ ಇಬ್ಬರು ತಾವೂ ಹಾಡು ಬರೆಯುತ್ತೇವೆ ಅಂತ ಮೆಲ್ಲಗೆ ಹೇಳಿದರು. ಹಾಸನದಲ್ಲೇ ಇದ್ದಾರೆ, ಕಾಲೇಜಿನ ಹಾಸ್ಟೆಲ್‌ನಲ್ಲಿ ರಾತ್ರಿ ನುಡಿಸುತ್ತಾರೆ. ನಾನು ಇಂಥವರನ್ನು ಹುಡುಕಿಕೊಂಡು ಅಷ್ಟು ದೂರ ಹೋಗುತ್ತಿದ್ದೆ.

ಡಬ್ಬಿಯಲ್ಲಿ 14,650 ರೂಪಾಯಿ ಸೇರಿತ್ತು. ಎಣಿಸಿ, ಮೊದಲೇ ಒಪ್ಪಿದ 12,000ದ ಜೊತೆ ಕೊಟ್ಟೆವು. ಸೌಂಡ್‌ಗೆ 3,500, ಅಡುಗೆ ಸಾಮಾನಿಗೆ 2,800. ಒಂದು ಮನೆಗೆ ಇದು ಸಣ್ಣ ಖರ್ಚಲ್ಲ. ನಾನು ವರ್ಷಕ್ಕೆ ಐದಾರು ಸಲ ಬೆಂಗಳೂರಿಗೆ ಹೋಗಿ ಬರುತ್ತಿದ್ದ ಖರ್ಚನ್ನು ಇದರ ಪಕ್ಕ ಇಟ್ಟು ನೋಡಿದೆವು. ವರ್ಷಕ್ಕೆ ಎರಡು ಸಲ ಮನೆಯಲ್ಲಿ ಇಡಬಹುದು ಅಂತ ಲೆಕ್ಕ ಬಂತು, ಬೀದಿಯವರು ಒಂದಿಷ್ಟು ಸೇರಿಸಿದರೆ.

ಭಾನುವಾರ ಬೆಳಿಗ್ಗೆ ತಂಡವನ್ನು ಸ್ಟೇಷನ್ನಿಗೆ ಬಿಟ್ಟು ಬಂದೆವು. ಹುಡುಗಿಯ ಚೀಲದಲ್ಲಿ ಅತ್ತೆ ಚಟ್ನಿಪುಡಿಯ ಡಬ್ಬ ಇಟ್ಟಿದ್ದರು. ಮನೆಗೆ ಬಂದು ಕಂಬಳಿ, ರಜಾಯಿಗಳನ್ನು ಮಹಡಿಯಲ್ಲಿ ಬಿಸಿಲಿಗೆ ಹಾಕಿದೆವು. ಗೋಡೆ ಮತ್ತೆ ಬೋಳು. ಮಗಳು ಹಾಲ್‌ನ ನಡುವೆ ನಿಂತು ಚಪ್ಪಾಳೆ ತಟ್ಟಿ, ಸದ್ದು ಎಲ್ಲೆಲ್ಲಿ ಹೋಗುತ್ತದೆ ಅಂತ ಕಿವಿಗೊಟ್ಟು ಕೇಳುತ್ತಿದ್ದಳು.

ಮುಂದಿನ ವಾರ ಎಲೆಕ್ಟ್ರಿಷಿಯನ್‌ನನ್ನು ಕರೆಸಿದ್ದು ಅತ್ತೆ. ನಾನು ಕೆಲಸದಿಂದ ಬರುವಷ್ಟರಲ್ಲಿ ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ ಹೊಸ ಅರ್ತ್ ಪೈಪ್ ಇಳಿಸಿ ಆಗಿತ್ತು. ಹಾಲ್‌ಗೆ ಬೇರೆಯೇ ಲೈನು. ದುಡ್ಡು ಅತ್ತೆಯ ಪಿಂಚಣಿಯದು. ನಾನು ಏನೋ ಹೇಳಲು ಬಾಯಿ ತೆಗೆದೆ. "ಯುಗಾದಿ ಕಳೆದ ಮೇಲೆ ಇನ್ನೊಂದು ಇಡಿಸು" ಅಂದರು. "ಆ ಹಾಸ್ಟೆಲ್ ಹುಡುಗರನ್ನೂ ಕರಿ. ಊಟ ಮೊದಲೇ ಹಾಕ್ಬಿಡೋಣ, ಪಾಪ ಹಸ್ಕೊಂಡು ಹಾಡ್ಬಾರ್ದು."